ವೇಗವನ್ನು ಹೊರುವ ದಂಡ

ಬೀಸುವ ಕಲ್ಲಿನ ಗೂಟವನ್ನು ಕಲ್ಲಿನ ನಟ್ಟನಡುವೆ ನೆಟ್ಟರೆ ಹಿಟ್ಟು ಬೀಳದು. ನಡುವಿನಿಂದ ಸರಿದು ಅಂಚಿನ ಬಳಿ ಅದು ನಿಂತಾಗಲೇ ಬೀಸುವವರ ಕೈಯ ಹಿಂದುಮುಂದಿನ ಚಲನೆ ಕಲ್ಲಿನ ಸುತ್ತಾಗಿ ಪರಿಣಮಿಸುತ್ತದೆ. ಕಾಲಿನಿಂದ ತುಳಿಯುವ ಹೊಲಿಗೆಯಂತ್ರದಲ್ಲಿ ಪಾದದ ಏರಿಳಿತವನ್ನು ಚಕ್ರದ ತಿರುಗಾಟವಾಗಿಸುವುದೂ ಇದೇ ಉಪಾಯ. ಮೋಟಾರು ಕಾರಿನ ಎಂಜಿನ್ನಿನೊಳಗೆ ಈ ಕೆಲಸವನ್ನು ಮಾಡುವ ದಂಡಕ್ಕೆ ಕ್ರ್ಯಾಂಕ್ ಶಾಫ್ಟ್ ಎಂದು ಹೆಸರು. ‘ವಕ್ರದಂಡ’ವೆಂದು ಕನ್ನಡಿಸಲು ಅಡ್ಡಿಯೇನೂ ಇಲ್ಲ, ಆದರೆ ಗ್ಯಾರೇಜಿಗೆ ಹೋಗಿ ವಕ್ರದಂಡವೆಂದರೆ ಮೇಸ್ತ್ರಿ ನಮ್ಮನ್ನೇ ವಕ್ರವಾಗಿ ನೋಡಿಯಾನು. ಆದ್ದರಿಂದ ನಾವೂ ಕ್ರ್ಯಾಂಕ್ ಎಂದೇ ಕರೆಯೋಣ.

ಈ ದಂಡದ ಅಂಗಗಳು ಮುಖ್ಯವಾಗಿ ಮೂರು. ಎಂಜಿನ್ನಿನ ಒಡಲಿನಲ್ಲಿ ಬೇರಿಂಗುಗಳ ಮೇಲೆ ಕುಳಿತು ತಿರುಗುವ ಭಾಗ ಜರ್ನಲ್. ನಡುಗೆರೆಯಿಂದ ಬದಿಗೆ ಸರಿದು ನಿಂತು, ಪಿಸ್ಟನ್ನಿನಿಂದ ಬರುವ ಕನೆಕ್ಟಿಂಗ್ ರಾಡನ್ನು ಹಿಡಿದುಕೊಳ್ಳುವ ಭಾಗ ಪಿನ್. ಇವೆರಡನ್ನೂ ಜೋಡಿಸುವ ದಪ್ಪನೆಯ ತೋಳು ಮೂರನೆಯದು. ಪಿನ್ನಿನ ಎದುರುದಿಕ್ಕಿಗೆ ಚಾಚಿಕೊಂಡ ಪ್ರತಿಭಾರವೂ ಅದಕ್ಕೇ ಅಂಟಿಕೊಂಡಿರುತ್ತದೆ. ಪಿನ್ನು ನಡುವಿನಿಂದ ಎಷ್ಟು ದೂರವಿದೆಯೋ ಅದರ ಇಮ್ಮಡಿ ದೂರವನ್ನು ಪಿಸ್ಟನ್ ಮೇಲಿನಿಂದ ಕೆಳಕ್ಕೆ ಕ್ರಮಿಸುತ್ತದೆ. ಇದಕ್ಕೆ ಸ್ಟ್ರೋಕ್ ಎನ್ನುತ್ತಾರೆ. ಬಹುಕಾಲ ನಮ್ಮ ರಸ್ತೆಗಳನ್ನಾಳಿದ ಅಂಬಾಸಿಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಇದು 88.9 ಮಿಲಿಮೀಟರು, ಪ್ರೀಮಿಯರ್ ಪದ್ಮಿನಿಯಲ್ಲಿ 75, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮೂರು ಸಿಲಿಂಡರುಗಳ ಎಂಜಿನ್ನಿನಲ್ಲಿ 72.

ಬಂಟ್ವಾಳ ತಾಲ್ಲೂಕಿನ ಅಂಚಿನಲ್ಲಿ, ಕೇರಳದ ಗಡಿಗೆ ಸಮೀಪದಲ್ಲಿರುವ ಕನ್ಯಾನದಂಥ ಊರಿಗೂ ಇದು ದೂರದ ಮಾತಲ್ಲ. ಗುಡ್ಡ ಹತ್ತಿ ಇಳಿಯುವ ದಾರಿ, ತಿರುವಿಗೊಂದು ಅಡಕೆ ತೋಟ. ಇಂಥ ಕಡೆ ಬೆಳೆದ ಹುಡುಗರಿಗೆ ವಾಹನದ ಮೇಲಿನ ಮೋಹ ಸಹಜ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯ ಹೆಸರನ್ನು, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಧೂಳೆಬ್ಬಿಸಿ ಓಡುವ ಕಾರುಗಳ ಸುದ್ದಿಯನ್ನು ಅವರು ಕೇಳಿಯೇ ಇರುತ್ತಾರೆ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ಮಾರುತಿ 800ರ ಪುಟ್ಟ ಎಂಜಿನ್ನನ್ನೇ ಹಗುರವಾದ ಏಕಾಸನದ ರೇಸ್ ಕಾರಿನಲ್ಲಿ ಕೂರಿಸಿದರು. ಸಂಸಾರವನ್ನು ಸಂತೆಗೆ ಒಯ್ಯುವ ಎಂಜಿನ್ನು ಪಂದ್ಯಕ್ಕೂ ಒದಗೀತೆಂಬುದು ಅಂದಿನಿಂದ ಅನೇಕರಿಗೆ ಕಂಡ ಸತ್ಯ. ಅಲ್ಲಿಂದ ಮುಂದಿನ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ: ಎಂಜಿನ್ನಿನ ನಡುವಿನಲ್ಲಿರುವ ಕ್ರ್ಯಾಂಕನ್ನು ತಿದ್ದಿದರೆ ಶಕ್ತಿ ಎಷ್ಟು ಹೆಚ್ಚೀತು?

ಉತ್ತರ ತುಸು ನಿರಾಸೆಯದು. ಶಕ್ತಿ ಹುಟ್ಟುವುದು ಗಾಳಿ ಮತ್ತು ಇಂಧನ ಉರಿಯುವಲ್ಲಿ. ಕ್ರ್ಯಾಂಕು ಅದನ್ನು ಹೊರುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಸ್ಟ್ರೋಕನ್ನು ಉದ್ದಗೊಳಿಸಿ ಎಂಜಿನ್ನಿನ ಗಾತ್ರ ಹೆಚ್ಚಿಸುವ ಒಂದು ಮಾರ್ಗವೇನೋ ಉಂಟು. ಪಿನ್ನನ್ನು ಅದರ ಹಳೆಯ ಕೇಂದ್ರದ ಸುತ್ತ ಅರೆಯದೆ, ಕೇಂದ್ರವನ್ನೇ ಹೊರಕ್ಕೆ ಸರಿಸಿ ಗ್ರೈಂಡ್ ಮಾಡುತ್ತಾರೆ. ಪಿನ್ನಿನ ವ್ಯಾಸದಲ್ಲಿ 2 ಮಿಲಿಮೀಟರು ಕಳೆದರೆ ಕೇಂದ್ರ 1 ಮಿಲಿಮೀಟರು ಸರಿಯುತ್ತದೆ, ಸ್ಟ್ರೋಕ್ 2 ಮಿಲಿಮೀಟರು ಹೆಚ್ಚುತ್ತದೆ. ಪದ್ಮಿನಿಯ ಸಿಲಿಂಡರಿನ ವ್ಯಾಸ 68 ಮಿಲಿಮೀಟರು. ಲೆಕ್ಕ ಹಾಕಿದರೆ ಅದರ 1089 ಸಿ.ಸಿ. ಎಂಜಿನ್ನಿಗೆ ಇದರಿಂದ ದೊರೆಯುವುದು ಸುಮಾರು 29 ಸಿ.ಸಿ., ನೂರಕ್ಕೆ ಮೂರು ಪಾಲಿಗಿಂತಲೂ ಕಡಿಮೆ. ತೆರಬೇಕಾದ ಬೆಲೆಯನ್ನೂ ನೋಡೋಣ. ದುಂಡಾದ ದಂಡವೊಂದರ ಬಾಗದಿರುವ ಬಲ ವ್ಯಾಸದ ಘನಕ್ಕೆ ಅನುಗುಣವಾದದ್ದು. 40 ಮಿಲಿಮೀಟರಿನ ಪಿನ್ನನ್ನು 38ಕ್ಕೆ ಇಳಿಸಿದರೆ ಆ ಬಲದಲ್ಲಿ ನೂರಕ್ಕೆ ಹದಿನಾಲ್ಕು ಪಾಲು ಹೋಯಿತು. ಮೇಲಾಗಿ ಪಿಸ್ಟನ್ ಈಗ 1 ಮಿಲಿಮೀಟರು ಮೇಲಕ್ಕೆ ಬರುತ್ತದೆ. ಅದಕ್ಕೆ ತಕ್ಕ ಪಿಸ್ಟನ್ನನ್ನೋ ಗಿಡ್ಡನೆಯ ರಾಡನ್ನೋ ಹುಡುಕದಿದ್ದರೆ ಅದು ಸಿಲಿಂಡರಿನ ತಲೆಗೆ ಬಡಿದೀತು. ಮೂರು ಪಾಲು ಗಳಿಸಲು ಹದಿನಾಲ್ಕು ಪಾಲು ಕಳೆಯುವ ಈ ವ್ಯಾಪಾರ ಎಲ್ಲರಿಗೂ ಹೇಳಿದ್ದಲ್ಲ.

ಹಾಗಾದರೆ ಪಂದ್ಯದ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಮೇಲೆ ಅಷ್ಟೊಂದು ಶ್ರಮವೇಕೆ? ಎಂಜಿನ್ನಿನಿಂದ ಹೆಚ್ಚು ಶಕ್ತಿಯನ್ನು ಪಡೆಯುವ ನೇರ ದಾರಿಯೆಂದರೆ ಅದನ್ನು ಹೆಚ್ಚು ವೇಗವಾಗಿ ತಿರುಗಿಸುವುದು. ವೇಗ ಹೆಚ್ಚಿದಂತೆ ದಂಡದ ಮೇಲಿನ ಹೊರೆ ನಾವು ಎಣಿಸಿದಂತೆ ಹೆಚ್ಚುವುದಿಲ್ಲ. ವೇಗದ ವರ್ಗದಂತೆ ಹೆಚ್ಚುತ್ತದೆ. ಪಿಸ್ಟನ್ನೂ ಅದರ ಜೊತೆಗಾರರೂ ಸೇರಿ ಅರ್ಧ ಕಿಲೋ ತೂಗುತ್ತವೆ ಎನ್ನೋಣ. ಪದ್ಮಿನಿಯ ಸ್ಟ್ರೋಕಿನಲ್ಲಿ ನಿಮಿಷಕ್ಕೆ 4000 ಸುತ್ತುಗಳಾದಾಗ, ಮೇಲಕ್ಕೇರಿದ ಪಿಸ್ಟನ್ನನ್ನು ತಡೆದು ಕೆಳಕ್ಕೆ ಸೆಳೆಯಲು ಕಡಿಮೆಯೆಂದರೆ 335 ಕಿಲೋ ಭಾರದಷ್ಟು ಎಳೆತ ಬೇಕು. 7000 ಸುತ್ತುಗಳಲ್ಲಿ ಅದೇ ಎಳೆತ ಸಾವಿರ ಕಿಲೋ ದಾಟುತ್ತದೆ. ವೇಗ ಇಮ್ಮಡಿಯೂ ಆಗಿಲ್ಲ, ಹೊರೆ ಮುಮ್ಮಡಿಯಾಯಿತು. ಆ ಓಟದಲ್ಲಿ ಗಂಟೆಗೆ ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಬಾರಿ ಈ ಎಳೆದಾಟ ನಡೆಯುತ್ತದೆ.

ಒಮ್ಮೆ ಬಿದ್ದ ಭಾರಕ್ಕೆ ಮುರಿಯದ ಲೋಹ ಮರಳಿ ಮರಳಿ ಬಿದ್ದ ಅಲ್ಪಭಾರಕ್ಕೆ ಮುರಿಯಬಲ್ಲುದು. ತೋಡಿಗೆ ಅಡ್ಡವಾಗಿ ಹಾಕಿದ ಅಡಕೆ ಮರದ ಸಂಕವನ್ನು ದಾಟಿದವರಿಗೆ ಇದರ ಅರಿವಿರುತ್ತದೆ. ಹೆಜ್ಜೆಯಿಟ್ಟಾಗಲೆಲ್ಲ ಅದು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಆದರೆ ಎಲ್ಲಿಯೋ ಒಂದೆಡೆ ಕತ್ತಿಯ ಏಟು ಬಿದ್ದಿದ್ದರೆ ಸೀಳು ಅಲ್ಲಿಂದಲೇ ಮೊದಲಾಗುವುದು. 1842ರ ಮೇ 8ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಮುಂದಣ ಎಂಜಿನ್ನಿನ ಅಚ್ಚು ತುಂಡಾಗಿ, ಬೋಗಿಗಳು ಒಂದರ ಮೇಲೊಂದು ಬಿದ್ದು ಹೊತ್ತಿಕೊಂಡು, ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ತರುಣ ಎಂಜಿನಿಯರು ಮುರಿದ ರೈಲು ಅಚ್ಚುಗಳನ್ನು ಕುರಿತು ಒಂದು ಪ್ರಬಂಧ ಬರೆದ. ದಪ್ಪನೆಯ ಭಾಗವೂ ಸಣ್ಣನೆಯ ಭಾಗವೂ ಕೂಡುವ ಚೂಪು ಮೂಲೆಯಿಂದ ಬಿರುಕು ಮೆಲ್ಲಮೆಲ್ಲನೆ ಒಳಕ್ಕೆ ತೆವಳುತ್ತದೆ. ಆ ಮೂಲೆಯನ್ನು ದುಂಡಾಗಿಸಬೇಕು ಎಂಬುದು ಅವನ ವಾದ. ಮುಂದೆ ಜರ್ಮನಿಯ ವೋಲರ್ 1850 ಮತ್ತು 1860ರ ದಶಕಗಳಲ್ಲಿ ಅಚ್ಚುಗಳಿಗೆ ಮರಳಿ ಮರಳಿ ಭಾರ ಕೊಟ್ಟು, ಲೋಹದ ಈ ದಣಿವನ್ನು ಅಳತೆಗೆ ತಂದ.

ಕ್ರ್ಯಾಂಕಿನ ಆಯುಸ್ಸು ಅಡಗಿರುವುದೂ ಇಂಥ ಮೂಲೆಯಲ್ಲೇ. ಪಿನ್ನು ಅಥವಾ ಜರ್ನಲ್ಲು ತೋಳನ್ನು ಸೇರುವ ಕಡೆ ಒಂದು ಸಣ್ಣ ಒಳದುಂಡು ಇರುತ್ತದೆ. ಲೇತಿನ ಕೆಲಸದವರು ಇದನ್ನು ರೇಡಿಯಸ್ ಎನ್ನುತ್ತಾರೆ. ಸವೆದ ಕ್ರ್ಯಾಂಕನ್ನು ಗ್ರೈಂಡ್ ಮಾಡುವಾಗ ಅರೆಯುವ ಚಕ್ರದ ಅಂಚನ್ನು ಸರಿಯಾಗಿ ದುಂಡಗೊಳಿಸದಿದ್ದರೆ ಈ ರೇಡಿಯಸ್ ಅಳಿದು ಚೂಪು ಮೂಲೆ ಉಳಿಯುತ್ತದೆ. ಪಿನ್ನು ಥಳಥಳಿಸುತ್ತದೆ, ಅಳತೆಯೂ ಕರಾರುವಾಕ್ಕಾಗಿರುತ್ತದೆ. ಆದರೂ ದಂಡದ ಆಯುಸ್ಸು ಮುಗಿದಂತೆಯೇ. ಬಲ್ಲ ಕುಶಲಕರ್ಮಿ ಮೊದಲು ನೋಡುವುದು ಪಿನ್ನಿನ ಹೊಳಪನ್ನಲ್ಲ, ಈ ಮೂಲೆಯನ್ನು. ಅವನು ಅದನ್ನು ಸಾಧ್ಯವಾದಷ್ಟು ದೊಡ್ಡದಾಗಿ, ಗೀರಿಲ್ಲದೆ ನುಣ್ಣಗೆ ಮಾಡುತ್ತಾನೆ. ದೊಡ್ಡದಾದ ರೇಡಿಯಸ್ಸಿಗೆ ಬೇರಿಂಗಿನ ಅಂಚು ತಾಗದಂತೆ ಬೇರಿಂಗನ್ನೂ ತುಸು ಸವರುತ್ತಾನೆ. ಕಾರ್ಖಾನೆಗಳಲ್ಲಿ ಈ ಮೂಲೆಯನ್ನು ಗಟ್ಟಿ ಉರುಳೆಗಳಿಂದ ಒತ್ತಿ ಬಿಗಿಗೊಳಿಸುವುದುಂಟು. ತಕ್ಕ ಉಕ್ಕಾದರೆ ನೈಟ್ರೈಡಿಂಗ್ ಎಂಬ ಕ್ರಮವೂ ಉಂಟು: ಸುಮಾರು 500 ಡಿಗ್ರಿಗೂ ಮೇಲಿನ ಕಾವಿನಲ್ಲಿ ಅಮೋನಿಯಾ ಅನಿಲದ ನಡುವೆ ದಂಡವನ್ನಿರಿಸಿದರೆ ಸಾರಜನಕ ಮೈಯೊಳಕ್ಕೆ ಇಳಿದು, ಮೇಲ್ಪದರ ಗಡುಸಾಗಿ ಬಿಗಿದುಕೊಳ್ಳುತ್ತದೆ. ಆಗ ಬಿರುಕಿಗೆ ಬಾಯಿ ತೆರೆಯುವುದು ಕಷ್ಟ. ಆದರೆ ಆ ಪದರ ಬಲು ತೆಳು. ಆಮೇಲೆ ಮತ್ತೆ ಗ್ರೈಂಡ್ ಮಾಡಿದರೆ ಕೊಟ್ಟ ಕವಚವನ್ನು ನಾವೇ ಕಳಚಿದಂತೆ.

ಎರಡನೆಯ ಕೆಲಸ ತೂಕದ್ದು. ಪ್ರತಿಭಾರಗಳ ಅಂಚನ್ನು ಕೊರೆದು ಹಗುರಗೊಳಿಸಿದರೆ ಎಂಜಿನ್ನು ಬೇಗ ವೇಗಕ್ಕೇರುತ್ತದೆ. ಅಂಚು ಕತ್ತಿಯಂತೆ ತೆಳ್ಳಗಾದರೆ ಹಾರಾಡುವ ಎಣ್ಣೆಯನ್ನು ಸೀಳಿಕೊಂಡು ಸುಲಭವಾಗಿ ತಿರುಗುತ್ತದೆ. ಇವು ನಿಜವಾದ ಲಾಭಗಳೇ. ಆದರೆ ಪ್ರತಿಭಾರವಿರುವುದು ಅಂದಕ್ಕಲ್ಲ. ಪಿನ್ನಿನ ಕಡೆಯ ತೂಕವನ್ನು ತೂಗಿಸಿ ಬೇರಿಂಗುಗಳನ್ನು ಕಾಯುವುದಕ್ಕೆ. ನಡುವಿನಿಂದ 5 ಸೆಂಟಿಮೀಟರು ದೂರದಲ್ಲಿ ಬರಿಯ 10 ಗ್ರಾಂ ವ್ಯತ್ಯಾಸ ಉಳಿದರೂ 7000 ಸುತ್ತುಗಳಲ್ಲಿ ಅದು ಸುಮಾರು 27 ಕಿಲೋ ಭಾರದ ಎಳೆತವಾಗುತ್ತದೆ. ಪ್ರತಿ ಸುತ್ತಿಗೂ ದಿಕ್ಕು ಬದಲಿಸುತ್ತ ಬೇರಿಂಗನ್ನು ಜಗ್ಗುತ್ತದೆ. ಆದ್ದರಿಂದ ಕಳೆದ ತೂಕಕ್ಕೆಲ್ಲ ಲೆಕ್ಕವಿರಬೇಕು. ಪಿಸ್ಟನ್ನುಗಳನ್ನೂ ರಾಡುಗಳನ್ನೂ ಒಂದೇ ತೂಕಕ್ಕೆ ತಂದು, ದಂಡವನ್ನು ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ ನೋಡಲೇಬೇಕು.

ಮೂರನೆಯದು ಎಣ್ಣೆಯ ದಾರಿ. ತಿರುಗುವ ಜರ್ನಲ್ಲು ಬೇರಿಂಗನ್ನು ಮುಟ್ಟುವುದಿಲ್ಲ. ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತದೆ. ವ್ಯಾಸದ ಸಾವಿರದ ಒಂದು ಪಾಲು ತೆರಪು ಬಿಡುವುದು ರೂಢಿಯ ಲೆಕ್ಕ: 50 ಮಿಲಿಮೀಟರಿನ ಜರ್ನಲ್ಲಿಗೆ 0.05 ಮಿಲಿಮೀಟರು. ತೆರಪು ಹೆಚ್ಚಾದರೆ ಎಣ್ಣೆ ಸೋರಿ ಒತ್ತಡ ಕುಸಿಯುತ್ತದೆ. ಕಡಿಮೆಯಾದರೆ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಎಣ್ಣೆಯ ರಂಧ್ರದ ಬಾಯಿಯೂ ಒಂದು ಮೂಲೆಯೇ. ಅದರ ಅಂಚನ್ನು ಸವರಿ ನುಣುಪಾಗಿಸದಿದ್ದರೆ ಬಿರುಕು ಅಲ್ಲಿಂದಲೂ ಹೊರಟೀತು.

ಇಷ್ಟೆಲ್ಲ ಮಾಡಿದರೂ ಮೂಲ ವಿನ್ಯಾಸಕ್ಕೆ ತನ್ನದೇ ಮಿತಿಯಿದೆ. ಅಂಬಾಸಿಡರಿನ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿನ ಕ್ರ್ಯಾಂಕಿಗೆ ಆಸರೆಯಾಗಿದ್ದುದು ಮೂರೇ ಬೇರಿಂಗು. ಎರಡು ಆಸರೆಗಳ ನಡುವೆ ಎರಡೆರಡು ಪಿನ್ನುಗಳು ಜಗ್ಗುವಾಗ ದಂಡ ಬಾಗದೆ ಇರಲಾರದು. ಇಂಗ್ಲೆಂಡಿನಲ್ಲಿ ಇದೇ ವಂಶದ ಎಂಜಿನ್ನನ್ನು 1798 ಸಿ.ಸಿ.ಗೆ ಹಿಗ್ಗಿಸಿ ಎಂ.ಜಿ.ಬಿ. ಎಂಬ ಕಾರಿಗೆ ಕೂರಿಸಿದವರು ಮೊದಲು ಮೂರು ಬೇರಿಂಗನ್ನೇ ಉಳಿಸಿಕೊಂಡರು. 1964ರಲ್ಲಿ ಐದಕ್ಕೆ ಏರಿಸಿದರು. ತಯಾರಕರೇ ಆಸರೆಯನ್ನು ಹೆಚ್ಚಿಸಿಕೊಂಡ ಕಡೆ, ಹಳೆಯ ದಂಡವನ್ನು ಬರಿಯ ಹೊಳಪಿನಿಂದ ಗೆಲ್ಲುತ್ತೇನೆಂಬುದು ಸಾಹಸವಾದೀತು.

ಹೀಗಾಗಿ ಕೆಲಸದ ಕ್ರಮ ಬಹು ಮುಖ್ಯ. ಕತ್ತರಿಸುವುದಕ್ಕೆ ಮೊದಲು ಪರೀಕ್ಷೆ: ದಂಡವನ್ನು ಅಯಸ್ಕಾಂತವಾಗಿಸಿ ಸಣ್ಣ ಕಬ್ಬಿಣದ ಪುಡಿ ಬೆರೆತ ದ್ರವವನ್ನು ಸುರಿದರೆ, ಕಣ್ಣಿಗೆ ಕಾಣದ ಬಿರುಕಿನ ಮೇಲೆ ಪುಡಿ ಸಾಲುಗಟ್ಟಿ ನಿಲ್ಲುತ್ತದೆ. ಬಿರುಕು ಕಂಡರೆ ಆ ದಂಡ ಗುಜರಿಗೆ ಸೇರಬೇಕು. ಎಷ್ಟು ಹಣ ಕೊಟ್ಟು ತಂದಿದ್ದರೂ ಸರಿ. ಆಮೇಲೆ ನೆಟ್ಟಗಿದೆಯೇ ಎಂಬ ನೋಟ, ಆಮೇಲೆ ಹಗುರಗೊಳಿಸುವಿಕೆ, ರೇಡಿಯಸ್, ಗಡುಸು, ಮತ್ತೆ ನೆಟ್ಟಗಿದೆಯೇ ಎಂಬ ನೋಟ, ಬ್ಯಾಲೆನ್ಸಿಂಗ್, ಕೊನೆಗೆ ನಯ. ಇದು ಪಂದ್ಯದ ಅಂಗಳಕ್ಕೆ ಹೇಳಿದ ಮಾತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ರಸ್ತೆಯ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆ ತಡೆಯುತ್ತದೆ; ಎಂಜಿನ್ನಿನ ಗಾತ್ರವೂ ಅಂಥ ವಿವರಗಳಲ್ಲೊಂದು.

ಕಾನೂನಿಗಿಂತಲೂ ಹತ್ತಿರದ ಕಾರಣವೊಂದಿದೆ. ಕ್ರ್ಯಾಂಕು ಮುರಿಯುವುದು ಗ್ಯಾರೇಜಿನಲ್ಲಲ್ಲ. ಅದು ಮುರಿಯುವುದು ಹೊರೆ ಅತಿಯಾದಲ್ಲಿ, ಎಂದರೆ ವೇಗದ ನಡುವೆ, ಘಾಟಿಯ ಏರಿನಲ್ಲಿ, ಲಾರಿಯನ್ನು ಹಿಂದೆ ಹಾಕುವ ಗಳಿಗೆಯಲ್ಲಿ. ಬಿಡಿಯಾದ ರಾಡು ಎಂಜಿನ್ನಿನ ಒಡಲನ್ನೇ ಒಡೆದು ಹೊರಬರಬಹುದು. ಚೆಲ್ಲಿದ ಎಣ್ಣೆ ಚಕ್ರದಡಿಗೆ ಬಂದರೆ ಹಿಡಿತ ತಪ್ಪುತ್ತದೆ. ಮಗನ ಆಸೆಗೆ ಒಪ್ಪಿ ಮನೆಯ ಕಾರನ್ನು ಬಿಟ್ಟುಕೊಡುವ ತಂದೆತಾಯಿಗಳು ಎಷ್ಟು ಅಶ್ವಶಕ್ತಿ ಹೆಚ್ಚೀತೆಂದು ಕೇಳುವುದು ಬೇಡ. ಆ ಮೂಲೆಗಳನ್ನು ನೋಡಿದವರು ಯಾರು, ಬಿರುಕಿನ ಪರೀಕ್ಷೆ ಮಾಡಿದವರು ಯಾರು ಎಂದು ಕೇಳಲಿ. ಬಲ್ಲ ಮೇಸ್ತ್ರಿ ಇದಕ್ಕೆ ಸಿಡುಕುವುದಿಲ್ಲ; ದಂಡವನ್ನೇ ಎತ್ತಿ ಬೆಳಕಿಗೆ ಹಿಡಿದು ತೋರಿಸುತ್ತಾನೆ.