ಉಡುಪಿ–ಆಗುಂಬೆ ರಸ್ತೆ: ಸೈಕಲ್ ಸವಾರರಿಗೆ ಮಾಹಿತಿ

ಕರಾವಳಿ ಬಯಲಿನ ಉಡುಪಿಯಿಂದ ಪಶ್ಚಿಮ ಘಟ್ಟದ ಮೇಲಿನ ಆಗುಂಬೆಗೆ ರಾಷ್ಟ್ರೀಯ ಹೆದ್ದಾರಿ 169ಎ ಮೂಲಕ ಸುಮಾರು 55 ಕಿ.ಮೀ. ದೂರವಿರುತ್ತದೆ. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ ಮಾರ್ಗವಾಗಿ ಸೋಮೇಶ್ವರದವರೆಗೆ ಸಣ್ಣಪುಟ್ಟ ಏರಿಳಿತಗಳು ಮಾತ್ರ ಇವೆ. ಆಗುಂಬೆಯು ಸಮುದ್ರಮಟ್ಟದಿಂದ ಸುಮಾರು 640 ಮೀ. ಎತ್ತರದಲ್ಲಿದ್ದು, ಈ ಏರಿಕೆಯ ಬಹುಪಾಲು ಕೊನೆಯ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿಯೇ ಬರುತ್ತದೆ. ಆದ್ದರಿಂದ ಹೆಬ್ರಿಯಲ್ಲಿ ವಿಶ್ರಮಿಸಿ, ಕುಡಿಯುವ ನೀರನ್ನು ತುಂಬಿಸಿಕೊಳ್ಳುವುದು ಸೂಕ್ತ.

ತುಳಿಯುವ ಸೈಕಲ್ಲಿಗೆ ಮೋಟಾರು ವಾಹನಗಳ ಕಾಯ್ದೆ, 1988ರನ್ವಯ ನೋಂದಣಿಯಾಗಲಿ ಸವಾರರಿಗೆ ಚಾಲನಾ ಪರವಾನಗಿಯಾಗಲಿ ಅಗತ್ಯವಿಲ್ಲ. ಆದರೆ ಘಾಟಿಯು ಸೋಮೇಶ್ವರ ವನ್ಯಜೀವಿಧಾಮದೊಳಗೆ ಹಾದುಹೋಗುವುದರಿಂದ, ರಸ್ತೆಯನ್ನು ಬಿಟ್ಟು ಕಾಡನ್ನು ಪ್ರವೇಶಿಸಲಿಚ್ಛಿಸುವವರು ಅರಣ್ಯ ಇಲಾಖೆಯ ಪೂರ್ವಾನುಮತಿ ಪಡೆಯತಕ್ಕದ್ದು.

ಘಾಟಿಯನ್ನು ಏರುವುದು ಶ್ರಮದಾಯಕ, ಇಳಿಯುವುದು ಅಪಾಯಕರ. ಆಗುಂಬೆಯಲ್ಲಿ ವಾರ್ಷಿಕ ಸರಾಸರಿ 7,000 ಮಿ.ಮೀ.ಗೂ ಅಧಿಕ ಮಳೆಯಾಗುತ್ತಿದ್ದು, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಒದ್ದೆಯಾದ ರಿಮ್ಮಿನ ಮೇಲೆ ಬ್ರೇಕಿನ ಹಿಡಿತ ಬಹಳ ಕಡಿಮೆಯಾಗುತ್ತದೆ. ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಿರುವುದೂ ಉಂಟು. ಮಳೆಗಾಲದಲ್ಲಿ ಹೊರಡುವ ಮುನ್ನ ಜಿಲ್ಲಾಡಳಿತದ ಪ್ರಕಟಣೆಯನ್ನು ಗಮನಿಸಲು ಕೋರಲಾಗಿದೆ.

ಇತರ ದಿನಗಳಲ್ಲಿ ಘಾಟಿಯ ಮೇಲ್ತುದಿಯ ಬಳಿಯಿರುವ ಸೂರ್ಯಾಸ್ತ ವೀಕ್ಷಣಾ ಸ್ಥಳದಲ್ಲಿ ಅನೇಕರು ಸಂಜೆಯವರೆಗೆ ಕಾಯುತ್ತಾರೆ. ಸೂರ್ಯಾಸ್ತವನ್ನು ಕಂಡ ಮೇಲೆ ಇಳಿಯಲು ಬೆಳಕು ಉಳಿಯುವುದಿಲ್ಲವಾದ್ದರಿಂದ, ಅಂತಹ ಸವಾರರು ಅಂದು ಆಗುಂಬೆಯಲ್ಲಿಯೇ ತಂಗುವುದು ಒಳಿತು.