ತೊಂಬತ್ತು ದಿನದ ಲೆಕ್ಕ

ಕಾರ್ಖಾನೆಯ ಕಾರ್ಮಿಕರಿಗೆ ಭವಿಷ್ಯ ನಿಧಿಯುಂಟು, ಇ.ಎಸ್.ಐ. ಆಸ್ಪತ್ರೆಯುಂಟು. ಆ ಕಾರ್ಖಾನೆಯನ್ನೇ ಕಟ್ಟಿದ ಗಾರೆಯವನಿಗೆ? ಸಾರವೆಯಿಂದ ಜಾರಿ ಬಿದ್ದರೆ ಅಂದಿಗೇ ಕೂಲಿ ನಿಂತಿತು. ಕೂಲಿ ನಿಂತ ಮನೆಯಲ್ಲಿ ಮುಂದೆ ನಿಲ್ಲುವುದು ಹೆಚ್ಚಾಗಿ ಮಕ್ಕಳ ಓದು.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಬರುವ ಎಷ್ಟೋ ಕುಟುಂಬಗಳು ನಂಬಿರುವುದು ಈ ಕೆಲಸವನ್ನೇ. ಇವರಿಗೆ ಒಬ್ಬನೇ ಮಾಲೀಕನೆಂಬುವನಿಲ್ಲ. ಈ ತಿಂಗಳು ಒಬ್ಬ ಮೇಸ್ತ್ರಿ, ಮುಂದಿನ ತಿಂಗಳು ಮತ್ತೊಬ್ಬ. ಹೀಗಿರುವಾಗ ಪ್ರತಿ ತಿಂಗಳೂ ಸಂಬಳದಲ್ಲಿ ಹಿಡಿದು ನಿಧಿಗೆ ಕಟ್ಟುವವರು ಯಾರು?

ಕಟ್ಟಡವೇ ಕೊಡುವ ಕಾಣಿಕೆ

ಈ ತೊಡಕಿಗೆ 1996ರಲ್ಲಿ ಸಂಸತ್ತು ಒಂದು ಜಾಣ ಪರಿಹಾರ ಕಂಡುಕೊಂಡಿತು. ಹಣವನ್ನು ಕಾರ್ಮಿಕನ ಕೂಲಿಯಿಂದಲ್ಲ, ಕಟ್ಟಡದ ವೆಚ್ಚದಿಂದ ಪಡೆಯುವುದು. ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಸೆಸ್ ಎಂದು ನಿಗದಿಯಾಯಿತು. 5 ಕೋಟಿ ರೂಪಾಯಿಯ ವಾಣಿಜ್ಯ ಸಂಕೀರ್ಣ ಎದ್ದರೆ 5 ಲಕ್ಷ ರೂಪಾಯಿ ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಗೆ. ಅಪಘಾತ ಪರಿಹಾರ, ಚಿಕಿತ್ಸೆ, ಹೆರಿಗೆ ಸಹಾಯ, 60 ದಾಟಿದ ಮೇಲೆ ಪಿಂಚಣಿ, ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವು, ಎಲ್ಲಕ್ಕೂ ಇದೇ ಮೂಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಸೆಸ್ ಪದ್ಧತಿಯನ್ನು ಉಳಿಸಿಕೊಂಡಿದೆ.

ಹಾಗಾದರೆ ಕೊರತೆ ಎಲ್ಲಿ? ಹಣದ್ದಂತೂ ಅಲ್ಲ. ದೇಶದಾದ್ಯಂತ 37,400 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಗಿದ್ದರೂ ಖರ್ಚಾದದ್ದು ಸುಮಾರು 9,500 ಕೋಟಿ ಮಾತ್ರ ಎಂದು 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೇಸರ ವ್ಯಕ್ತಪಡಿಸಿತು. ದುಡಿದವರ ಹೆಸರಿನ ಹಣ ಖಜಾನೆಯಲ್ಲಿ, ದುಡಿದವರು ಬೀದಿಯಲ್ಲಿ!

ಬಾಗಿಲಲ್ಲೇ ತಡೆ

ಸೌಲಭ್ಯ ಬೇಕಾದರೆ ಮೊದಲು ನೋಂದಣಿಯಾಗಬೇಕು. ವಯಸ್ಸು 18 ತುಂಬಿ 60 ಮೀರಿರಬಾರದು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ವರ್ಷವಿಡೀ ಇಟ್ಟಿಗೆ ಹೊತ್ತವರಿಗೆ 90 ದಿನವೇನು ದೊಡ್ಡದಲ್ಲ. ಅದನ್ನು ಕಾಗದದಲ್ಲಿ ತೋರಿಸುವುದೇ ಕಷ್ಟ. ಕೆಲಸ ಮುಗಿದ ಮೇಲೆ ಸಹಿ ಹಾಕಲು ಮೇಸ್ತ್ರಿ ಸಿಗುವುದಿಲ್ಲ. ಇತ್ತ ಕರಣೆಯನ್ನೇ ಮುಟ್ಟದವರು ಸುಳ್ಳು ಪ್ರಮಾಣಪತ್ರ ಕೊಟ್ಟು ಕಾರ್ಡು ಪಡೆದದ್ದೂ ನಮ್ಮ ರಾಜ್ಯದಲ್ಲಿ ಬೆಳಕಿಗೆ ಬಂದಿದೆ. ಅದರಿಂದ ತಪಾಸಣೆ ಬಿಗಿಯಾದಷ್ಟೂ ನಿಜವಾದ ಕಾರ್ಮಿಕನೇ ಹೆಚ್ಚು ಅಲೆಯಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಕೆಲಸವಿದೆ. ತಂದೆತಾಯಿ ಅಥವಾ ನೆರೆಯವರು ಗಾರೆ, ಸೆಂಟ್ರಿಂಗ್, ಬಣ್ಣದ ಕೆಲಸಕ್ಕೆ ಹೋಗುವವರಾದರೆ ಒಂದು ನೋಟ್‌ಬುಕ್ ಇಡಿ. ತಾರೀಖು, ಸ್ಥಳ, ಕೆಲಸ ಕೊಟ್ಟವರ ಹೆಸರು, ಪಡೆದ ಕೂಲಿ ಬರೆಯಿರಿ. ಕೆಲಸ ನಡೆಯುತ್ತಿರುವಾಗಲೇ ಪ್ರಮಾಣಪತ್ರಕ್ಕೆ ಸಹಿ ಕೇಳಲು ನೆನಪಿಸಿ. ಕಾರ್ಡಿದ್ದರೆ ನವೀಕರಣದ ದಿನ ಯಾವಾಗ ಎಂದು ನೋಡಿ. ಸಂದೇಹವಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲೇ ವಿಚಾರಿಸಿ. ದಲ್ಲಾಳಿಗೆ ದುಡ್ಡು ಸುರಿಯಬೇಡಿ.

ನೋಟ್‌ಬುಕ್ಕೊಂದೇ ಪ್ರಮಾಣಪತ್ರವಾಗದು, ನಿಜ. ಆದರೆ ಎಲ್ಲಿ, ಯಾರ ಬಳಿ, ಎಷ್ಟು ದಿನ ದುಡಿದೆ ಎಂದು ಕೇಳಿದಾಗ ತಡವರಿಸದೆ ಉತ್ತರಿಸಲು ಅದು ನೆರವಾಗುತ್ತದೆ. ಕಾನೂನು ಕೊಟ್ಟಿರುವುದು ಭಿಕ್ಷೆಯಲ್ಲ, ಬೆವರಿನ ಬಾಬ್ತು. ಅದನ್ನು ಕೇಳಿ ಪಡೆಯಲು ಸಂಕೋಚವೇಕೆ?