ಹಳಿ ಬದಿಯ ಹರಿವೆ

ಮುಂಬಯಿಯ ಸೆಂಟ್ರಲ್ ಲೈನಿನಲ್ಲಿ ಕುರ್ಲಾ ದಾಟಿ ಥಾಣೆ ಕಡೆಗೆ ಹೋಗುವ ಲೋಕಲ್‌ನ ಬಾಗಿಲಲ್ಲಿ ನಿಂತರೆ, ಕಾಂಜೂರ್‌ಮಾರ್ಗ, ಭಾಂಡುಪ್, ನಾಹೂರ್ ಆಸುಪಾಸಿನಲ್ಲಿ ಹಳಿಗೂ ಕಾಂಪೌಂಡ್ ಗೋಡೆಗೂ ನಡುವೆ ತರಕಾರಿ ಮಡಿಗಳು ಕಾಣುತ್ತವೆ. ಒಂದರಲ್ಲಿ ಪಾಲಕ್, ಪಕ್ಕದ್ದರಲ್ಲಿ ಕೆಂಪು ಹರಿವೆ, ಆಚೆ ಬೆಂಡೆ, ಮೂಲಂಗಿ. ನಾಲೆಯ ಅಂಚಿನಲ್ಲಿ ಆನೆಕಿವಿಯಷ್ಟು ಅಗಲದ ಕೆಸುವಿನ ಎಲೆ. ತಗಡು ಹೊದಿಸಿದ ಒಂದು ಗುಡಿಸಲು, ಬದಿಯಲ್ಲೊಂದು ಪಂಪು. ಎರಡೂ ಕೈಯಲ್ಲಿ ಡಬ್ಬ ಹಿಡಿದು ಬದುವಿನ ಮೇಲೆ ನೀರು ಹನಿಸುತ್ತ ನಡೆಯುವವನು ಪಕ್ಕದಲ್ಲೇ ಫಾಸ್ಟ್ ಲೋಕಲ್ ಅಬ್ಬರಿಸಿಕೊಂಡು ಹೋದರೂ ತಲೆ ಎತ್ತುವುದಿಲ್ಲ.

ಇದು ಕದ್ದುಮುಚ್ಚಿ ಮಾಡುವ ಬೇಸಾಯವಲ್ಲ. ‘ಹೆಚ್ಚು ಆಹಾರ ಬೆಳೆಯಿರಿ’ ಯೋಜನೆಯಡಿ ರೈಲ್ವೆ 1975ರಿಂದ ತನ್ನ ಖಾಲಿ ಜಾಗವನ್ನು ಕೆಳದರ್ಜೆಯ ನೌಕರರಿಗೆ ಗುತ್ತಿಗೆ ಕೊಡುತ್ತ ಬಂದಿತು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮುಂಬಯಿಯ ಹಳಿಗಳ ಬದಿಯಲ್ಲಿ ಹೀಗೆ ಸಾಗುವಳಿಗೆ ಒದಗುವ ನೆಲ 176 ಹೆಕ್ಟೇರ್. ರೈಲ್ವೆಗೆ ಬಾಡಿಗೆಗಿಂತ ದೊಡ್ಡ ಲಾಭ ಬೇರೆ ಇತ್ತು. ಈ ಊರಿನಲ್ಲಿ ಖಾಲಿ ಬಿದ್ದ ನೆಲದ ಮೇಲೆ ಜೋಪಡಿ ಏಳಲು ತಡವಾಗುವುದಿಲ್ಲ. ಸೊಪ್ಪು ಬೆಳೆದಲ್ಲಿ ಏಳುವುದಿಲ್ಲ. ಸಂಬಳವಿಲ್ಲದ ಕಾವಲುಗಾರನಾಗಿ ಹರಿವೆ ನಿಂತಿತು.

ಕಾಗದದ ಮೇಲಿನ ರೈತ ರೈಲ್ವೆ ನೌಕರ. ಮಣ್ಣಿಗೆ ಕೈ ಹಾಕುವವರು ಬಹುಮಟ್ಟಿಗೆ ಉತ್ತರ ಪ್ರದೇಶ, ಬಿಹಾರದಿಂದ ಬಂದವರು. ಮುಂಬಯಿಯವರ ಬಾಯಲ್ಲಿ ಎಲ್ಲರೂ ‘ಭಯ್ಯಾ’. ಸೊಪ್ಪನ್ನೇ ನೆಚ್ಚಿಕೊಂಡಿರುವುದರಲ್ಲಿ ಲೆಕ್ಕಾಚಾರವಿದೆ. ಪಾಲಕ್, ಹರಿವೆ ಬಿತ್ತಿದ ತಿಂಗಳೊಪ್ಪತ್ತಿಗೆ ಕೈಗೆ ಬರುತ್ತವೆ. ನಾಳೆ ಜಾಗ ಬಿಡು ಎಂದರೂ ಹೋಗುವುದು ಒಂದು ಬೆಳೆ ಮಾತ್ರ. ಮಾವು, ತೆಂಗು ನೆಡುವವನಿಗೆ ನೆಲದ ಮೇಲೆ ಭರವಸೆ ಬೇಕು.

ತಕರಾರಿರುವುದು ನೀರಿನ ಬಗ್ಗೆ. ಹಲವು ಕಡೆ ಪಂಪು ಎತ್ತುವುದು ನಾಲೆಯ ಕೊಳಚೆಯನ್ನೇ. ಕಿತ್ತ ಸೊಪ್ಪಿಗೆ ಅದರಲ್ಲೇ ಸ್ನಾನ ಮಾಡಿಸಿ ಕಟ್ಟು ಕಟ್ಟುವುದೂ ಉಂಟು. ರೋಗಾಣುಗಳನ್ನು ಬೇಯಿಸಿ ಕೊಲ್ಲಬಹುದು. ಸೊಪ್ಪು ಹೀರಿಕೊಳ್ಳುವ ಸೀಸ, ಕ್ಯಾಡ್ಮಿಯಂ ತೊಳೆದರೂ ಹೋಗದು, ಬೇಯಿಸಿದರೂ ಹೋಗದು. ಮಾಟುಂಗಾದಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಆರಿಸುವ ನಮ್ಮ ತುಳು-ಕನ್ನಡ ಮನೆಯವರು ‘ಹಳಿಯದ್ದಲ್ಲ ತಾನೇ?’ ಎಂದು ಕೇಳದೆ ಇರರು. ಮಾರುವವಳು ಹಳಿಯದ್ದೇ ಎನ್ನುವುದುಂಟೆ? ಆದರೆ ಬೈಗುಳವೆಲ್ಲ ಭಯ್ಯಾನ ತಲೆಗೇ ಬೀಳುವುದು ನ್ಯಾಯವಲ್ಲ. ನಾಲೆಗೆ ಕೊಳಚೆ ಬಿಟ್ಟಿದ್ದು ಅವನಲ್ಲ, ಬಹುಮಹಡಿಗಳಲ್ಲಿ ಫ್ಲಶ್ ಎಳೆಯುವ ನಾವು.

ಊರೊಳಗಿನ ಬೇಸಾಯವೆಂದರೆ ನೆನಪಾಗುವುದು ಅಮೆರಿಕದ ಡೆಟ್ರಾಯಿಟ್. ಅಲ್ಲಿ 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದರು. 2020ಕ್ಕೆ ಉಳಿದವರು 6.4 ಲಕ್ಷ. ಕಾರಿನ ಕಾರ್ಖಾನೆಗಳು ಮುಚ್ಚಿ, ಮನೆಗಳು ಪಾಳುಬಿದ್ದು, ಆ ನಿವೇಶನಗಳಲ್ಲಿ ಈಗ ತರಕಾರಿ ಬೆಳೆಯುತ್ತಾರೆ. ಜನ ಕಿಕ್ಕಿರಿದ ಮುಂಬಯಿಗೂ ಅದಕ್ಕೂ ಏನು ಸಂಬಂಧ ಎನ್ನಬೇಡಿ. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ಮುಂಬಯಿ ನಗರ ಜಿಲ್ಲೆಯಲ್ಲಿ 2001ರ ಜನಗಣತಿಯಲ್ಲಿ 33.38 ಲಕ್ಷ ಜನರಿದ್ದರು, 2011ರಲ್ಲಿ 30.85 ಲಕ್ಷ. ಅದೇ ಹತ್ತು ವರ್ಷದಲ್ಲಿ ಉಪನಗರ ಜಿಲ್ಲೆ ಏಳು ಲಕ್ಷದಷ್ಟು ಬೆಳೆಯಿತು.

ಇಲ್ಲಿಯೂ ಕಾರ್ಖಾನೆಗಳು ಮುಚ್ಚಿದವು. 1982ರ ಜನವರಿಯಲ್ಲಿ ಕಾರ್ಮಿಕ ಮುಖಂಡ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ಪರಳ್, ಲಾಲ್‌ಬಾಗ್‌ಗಳ ಬಟ್ಟೆ ಗಿರಣಿಗಳು ಒಂದೊಂದಾಗಿ ತಣ್ಣಗಾದವು. ತೆರವಾದ ನೆಲ ಸುಮಾರು 600 ಎಕರೆ. ಅದನ್ನು ಉದ್ಯಾನ-ಬಯಲು, ಬಡವರ ವಸತಿ, ಮಾಲೀಕ ಎಂದು ಮೂರು ಪಾಲು ಮಾಡಬೇಕೆಂದು 1991ರ ನಿಯಮ ಹೇಳಿತು. 2001ರ ತಿದ್ದುಪಡಿ, ಆ ಹಂಚಿಕೆ ಕಟ್ಟಡವಿಲ್ಲದ ಬರಿಯ ಜಾಗಕ್ಕೆ ಮಾತ್ರ ಎಂದಿತು. ಬಯಲಿನ ಪಾಲು ಅಲ್ಲಿಗೆ ಕರಗಿತು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಫೀನಿಕ್ಸ್ ಗಿರಣಿಯ ಅಂಗಳದಲ್ಲಿ ಮಾಲ್ ಎದ್ದಿತು. ಜನ ಕಡಿಮೆಯಾದರೂ ಜಾಗದ ಬೆಲೆ ಏರುತ್ತಲೇ ಹೋಯಿತು. ಹಾಗಾಗಿ ಮುಂಬಯಿಯಲ್ಲಿ ಸೊಪ್ಪು ಬೆಳೆಯುವುದು ಕಟ್ಟಡಕ್ಕೆ ಒದಗದ ಕಡೆ ಮಾತ್ರ: ಹೈಟೆನ್ಷನ್ ತಂತಿಯ ಕೆಳಗೆ, ನಾಲೆಯ ದಂಡೆಯಲ್ಲಿ, ಹಳಿಯ ಪಕ್ಕದಲ್ಲಿ.

ಹಳಿ ಪಕ್ಕದ ಆ ನೆಲವೂ ಈಗ ಸವೆಯುತ್ತಿದೆ. ಥಾಣೆ–ದಿವಾ ನಡುವಿನ 5 ಮತ್ತು 6ನೇ ಹಳಿಗಳು 2022ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡವು. ಕುರ್ಲಾದಿಂದ ದಕ್ಷಿಣಕ್ಕೂ ಹಳಿ ಹೆಚ್ಚಿಸುವ ಕೆಲಸ ಹಿಡಿದಿದ್ದಾರೆ. ರೈಲಿನಲ್ಲಿ ನೇತಾಡಿಕೊಂಡು ಹೋಗುವ ಜನರಿಗೆ ಹಳಿ ಬೇಕೇ ಬೇಕು, ಅದನ್ನು ಬೇಡವೆನ್ನಲಾಗದು. ಆದರೆ ಕರಾರು ಇರುವುದು ನೌಕರನ ಹೆಸರಿನಲ್ಲಿ. ಜಾಗ ಹೋದಾಗ ಪರಿಹಾರ ಕೇಳೋಣವೆಂದರೆ ಬೆಳೆದವನ ಕೈಯಲ್ಲಿ ಒಂದು ತುಂಡು ಕಾಗದವೂ ಇರುವುದಿಲ್ಲ.